ಸೈನಿಕರನ್ನು ಕಳಿಸುವ ಮುಂಚೆ ಸಂಸತ್ತನ್ನು ಕೇಳಲಿ

ಮಾನ್ಯರೇ,

ನಾನು ಹಾಸನದ ಕಡೆಯವಳು. ಡಬ್ಲಿನ್‌ನ ಒಂದು ವೃದ್ಧಾಶ್ರಮದಲ್ಲಿ ನರ್ಸ್. ಈಗ ಐರ್ಲೆಂಡ್‌ನಲ್ಲೇ ನನ್ನ ವೋಟು. ಮೊನ್ನೆ ನನ್ನ ತಮ್ಮ ಫೋನಿನಲ್ಲಿ ಕೇಳಿದ: "ನಿಮ್ಮದು ತಟಸ್ಥ ದೇಶ ಅಂತೀಯಲ್ಲಕ್ಕಾ, ಮತ್ತೆ ನಿಮ್ಮ ಸೈನಿಕರಿಗೆ ಲೆಬನಾನ್‌ನಲ್ಲಿ ಏನು ಕೆಲಸ?"

ಐರ್ಲೆಂಡ್ ನೇಟೋ ಸೇರಿಲ್ಲ, ನಿಜ. ಆದರೆ ವಿಶ್ವಸಂಸ್ಥೆಯ ಶಾಂತಿಪಡೆಯಲ್ಲಿ ಅದರ ಸೈನಿಕರು 1978ರಲ್ಲೇ ದಕ್ಷಿಣ ಲೆಬನಾನ್‌ಗೆ ಹೋದರು. ಅಲ್ಲಿ 48 ಮಂದಿ ತೀರಿಕೊಂಡಿದ್ದಾರೆ. ಭಾರತದ ಸೈನಿಕರೂ 1998ರಿಂದ ಆ ಪಡೆಯಲ್ಲಿದ್ದಾರೆ.

ನಮ್ಮ ಆಶ್ರಮದಲ್ಲಿ ಒಬ್ಬ ಅಜ್ಜ ಇದ್ದರು, ದಕ್ಷಿಣ ಲೆಬನಾನ್‌ನ ಟಿಬ್ನಿನ್‌ನಲ್ಲಿ ಆ ಶಾಂತಿಪಡೆಯಲ್ಲಿ ಕೆಲಸ ಮಾಡಿ ಬಂದವರು. 2022ರ ಡಿಸೆಂಬರ್‌ನಲ್ಲಿ ಲೆಬನಾನ್‌ನಲ್ಲಿ ಐರಿಷ್ ಸೈನಿಕನೊಬ್ಬ ಗುಂಡಿಗೆ ಬಲಿಯಾದ ಸುದ್ದಿ ಟಿವಿಯಲ್ಲಿ ಬಂತು. ಅಜ್ಜ ಬೀರುವಿನ ಕಡೆ ಕೈ ತೋರಿಸಿದರು. ಪ್ಲಾಸ್ಟಿಕ್ ಕವರಿನಲ್ಲಿ ಮಡಚಿಟ್ಟ ನೀಲಿ ಟೋಪಿ ತೆಗೆದುಕೊಟ್ಟೆ. ಅದನ್ನು ತೊಡೆಯ ಮೇಲಿಟ್ಟುಕೊಂಡು ಕೂತರು. ಆ ರಾತ್ರಿ ಊಟ ಮುಟ್ಟಲಿಲ್ಲ.

ಇಲ್ಲಿ 'ಮೂರು ಬೀಗ' ಅನ್ನುವ ನಿಯಮವಿದೆ. 12ಕ್ಕಿಂತ ಜಾಸ್ತಿ ಸೈನಿಕರನ್ನು ಇಂಥ ಕೆಲಸಕ್ಕೆ ಹೊರದೇಶಕ್ಕೆ ಕಳಿಸಬೇಕಾದರೆ ವಿಶ್ವಸಂಸ್ಥೆಯ ಅನುಮತಿ, ಸರಕಾರದ ನಿರ್ಧಾರ, ಡಾಯ್ಲ್ ಅಂದರೆ ಇಲ್ಲಿನ ಕೆಳಮನೆಯ ಒಪ್ಪಿಗೆ, ಮೂರೂ ಬೇಕು. 2025ರ ಮಾರ್ಚ್‌ನಲ್ಲಿ ಸಚಿವ ಸಂಪುಟ ಒಪ್ಪಿದ ಕರಡು ಮಸೂದೆ ಮೊದಲ ಬೀಗವನ್ನೇ ತೆಗೆಯುತ್ತದೆ. ಜೊತೆಗೆ 12 ಅನ್ನುವುದನ್ನು 50 ಮಾಡುತ್ತದೆ.

ಮೊದಲನೆಯದಕ್ಕೆ ಕಾರಣ ಇದೆ, ಒಪ್ಪುತ್ತೇನೆ. ವಿಶ್ವಸಂಸ್ಥೆಯ ಭದ್ರತಾ ಮಂಡಳಿಯಲ್ಲಿ ವೀಟೋ ಅಧಿಕಾರವಿರುವ ಐದು ದೇಶಗಳ ಪೈಕಿ ಒಂದು ಬೇಡ ಅಂದರೂ ಮುಗಿಯಿತು. 2014ರ ನಂತರ ವಿಶ್ವಸಂಸ್ಥೆ ಹೊಸ ಶಾಂತಿಪಡೆಯನ್ನೇ ಕಟ್ಟಿಲ್ಲ. ಲೆಬನಾನ್ ಪಡೆಯೂ 2026ರ ಕೊನೆಗೆ ನಿಲ್ಲಬೇಕು ಅಂತ ಮಂಡಳಿ ತೀರ್ಮಾನಿಸಿದೆ. ನಮ್ಮ ಸೈನಿಕರು ಎಲ್ಲಿಗೆ ಹೋಗಬೇಕು ಅನ್ನುವುದನ್ನು ಮಾಸ್ಕೋದಲ್ಲೋ ವಾಷಿಂಗ್ಟನ್‌ನಲ್ಲೋ ಕೂತವರು ಯಾಕೆ ತಡೆಯಬೇಕು?

ಆದರೆ 50 ಯಾಕೆ? ಹೊರಗಿನ ಬೀಗ ತೆಗೆದ ಮೇಲೆ ಮನೆಯ ಬೀಗ ಇನ್ನೂ ಗಟ್ಟಿ ಇರಬೇಕಲ್ವಾ? 50 ಜನ ಅಂದರೆ 50 ಮನೆ. ಅಷ್ಟು ಮಂದಿಯನ್ನು ಡಾಯ್ಲ್‌ನಲ್ಲಿ ಕೇಳದೇ ಕಳಿಸಬಹುದು ಅಂದರೆ ನನಗೆ ಭಯವಾಗುತ್ತದೆ. 2017ರ ಡಿಸೆಂಬರ್‌ನಲ್ಲಿ ಯುರೋಪ್ ಒಕ್ಕೂಟದ ರಕ್ಷಣಾ ಸಹಕಾರ ವ್ಯವಸ್ಥೆ ಪೆಸ್ಕೋ ಸೇರುವ ವಿಷಯ ಡಾಯ್ಲ್‌ನಲ್ಲೇ ಮತಕ್ಕೆ ಬಂತು. 75 ಪರ, 42 ವಿರುದ್ಧ. ಯಾರು ಯಾವ ಕಡೆ ಅಂತ ಇವತ್ತಿಗೂ ದಾಖಲೆ ತೆಗೆದು ನೋಡಬಹುದು. ಸೈನಿಕನ ತಾಯಿಗೆ ಕನಿಷ್ಠ ಅಷ್ಟಾದರೂ ಸಿಗಬೇಕು.

12 ಇದ್ದದ್ದು 12 ಆಗಿಯೇ ಇರಲಿ ಅಂತ ನಮ್ಮ ಕ್ಷೇತ್ರದ ಸದಸ್ಯರಿಗೆ ಬರೆದಿದ್ದೇನೆ. ಐರ್ಲೆಂಡ್‌ನಲ್ಲಿ ವೋಟಿರುವ ಕನ್ನಡಿಗರು ನಿಮ್ಮ ಪತ್ರಿಕೆಯನ್ನು ಮೊಬೈಲಿನಲ್ಲಿ ಓದುತ್ತಾರೆ. ಅವರೂ ತಮ್ಮ ತಮ್ಮ ಸದಸ್ಯರಿಗೆ ಒಂದು ಸಾಲು ಬರೆಯಲಿ ಅಂತ ಕೇಳಿಕೊಳ್ಳುತ್ತೇನೆ.

– ಓದುಗಿ, ಡಬ್ಲಿನ್