ಗ್ರೀಸ್‌ಗೆ ಹೊರಟವರೇ, ಮೊದಲು ಹಡಗಿನ ವೇಳೆ ನೋಡಿ

ಸಂಪಾದಕರೇ,

ಮೊನ್ನೆ ಭಾನುವಾರದ ಪುರವಣಿಯಲ್ಲಿ ಗ್ರೀಸ್ ಪ್ರವಾಸದ ಲೇಖನ ಓದಿದೆ. ಫೋಟೊಗಳು ಚೆಂದ. ಆದರೆ ಮತ್ತದೇ ಸ್ಯಾಂಟೊರಿನಿ ದ್ವೀಪ, ಅದೇ ನೀಲಿ ಗುಮ್ಮಟ, ಅದೇ ಸೂರ್ಯಾಸ್ತ. ಆ ಸೂರ್ಯಾಸ್ತ ನೋಡೋಕೆ ಸೇರುವ ಮಂದಿ ನೋಡಿದರೆ ಸಿದ್ಧಾರೂಢರ ತೇರಿನ ದಿನ ನೆನಪಾಗುತ್ತದೆ, ಆ ಫೋಟೊ ಮಾತ್ರ ಯಾರೂ ಹಾಕುವುದಿಲ್ಲ. 2025ರ ಜುಲೈಯಿಂದ ಸ್ಯಾಂಟೊರಿನಿ, ಮಿಕೊನೋಸ್‌ಗಳಲ್ಲಿ ಕ್ರೂಸ್ ಹಡಗಿನಿಂದ ಇಳಿಯುವವರಿಗೆ ಸೀಸನ್ನಿನಲ್ಲಿ ತಲೆಗೆ 20 ಯೂರೊ ಶುಲ್ಕ ಹಾಕಿದ್ದಾರೆ. ಅಷ್ಟು ಗದ್ದಲ ಅಲ್ಲಿ.

ನಾನು, ನನ್ನ ಹೆಂಡತಿ ಇಬ್ಬರೂ ನಿವೃತ್ತ ಶಿಕ್ಷಕರು. ಮೂವತ್ತು ವರ್ಷ ಮಕ್ಕಳ ಗಲಾಟೆ ಕೇಳಿದ್ದೇವೆ, ಇನ್ನು ಗದ್ದಲ ಬೇಡ ಅನ್ನುವುದೊಂದೇ ನಮ್ಮ ಷರತ್ತು. ಹಾಗಾಗಿ ಹೋದ ವರ್ಷ ಫೊಲೆಗಾಂಡ್ರೊಸ್ ಅನ್ನುವ ಸಣ್ಣ ದ್ವೀಪಕ್ಕೆ ಹೋದೆವು. ಬರೀ 32 ಚದರ ಕಿಲೋಮೀಟರ್. ವಿಮಾನ ನಿಲ್ದಾಣ ಇಲ್ಲ. ಮುಖ್ಯವಾಗಿ ಮೂರೇ ಊರು: ಬಂದರಿನ ಕರವೊಸ್ತಾಸಿ, ಬಂಡೆಯ ಅಂಚಿನಲ್ಲಿ ಕೂತ ಖೋರಾ, ಅದರಾಚೆ ಹೊಲಗಳ ನಡುವೆ ಚದುರಿದ ಆನೊ ಮೆರಿಯಾ. ಅಲ್ಲಿ ನಿಂಬೆ ಗಿಡಕ್ಕೂ ಗಾಳಿ ಬಡಿಯದಂತೆ ಸುತ್ತ ದುಂಡಗೆ ಕಲ್ಲಿನ ಗೋಡೆ ಕಟ್ಟಿರುತ್ತಾರೆ. ಒಂದು ಗಿಡಕ್ಕೆ ಒಂದು ಮನೆ ಇದ್ದಂತೆ. ಅದನ್ನು ನೋಡಿದಾಗಲೇ ನನಗೆ ಬುದ್ಧಿ ಬರಬೇಕಿತ್ತು. ಗಿಡಕ್ಕೇ ಗೋಡೆ ಕಟ್ಟುವ ಊರಲ್ಲಿ ಗಾಳಿ ಎಂಥದ್ದಿರಬೇಕು!

ಈಗ ಈ ಪತ್ರದ ಮುಖ್ಯ ವಿಷಯ. ನಮ್ಮ ಟಿಕೆಟ್ ಮಾಡಿಕೊಟ್ಟ ಏಜೆಂಟರು ದ್ವೀಪದಿಂದ ಹಡಗು ಬೆಳಗ್ಗೆ, ಅಥೆನ್ಸ್‌ನಿಂದ ವಿಮಾನ ಅದೇ ರಾತ್ರಿ ಅಂತ ಇಟ್ಟಿದ್ದರು. ಕಾಗದದ ಮೇಲೆ ನಡುವೆ ಬೇಕಾದಷ್ಟು ಹೊತ್ತು ಇತ್ತು. ಸಾಕಲ್ವಾ ಅಂತ ನಾನೂ ತಲೆಯಾಡಿಸಿದೆ, ಧಾರವಾಡದಿಂದ ಹುಬ್ಬಳ್ಳಿಗೆ ಹೋಗಿ ರೈಲು ಹಿಡಿಯುವ ಲೆಕ್ಕದಲ್ಲಿ. ಹೊರಡುವ ಹಿಂದಿನ ದಿನ ಸಂಜೆಯಿಂದ ಗಾಳಿ ಎದ್ದಿತು. ಆಕಾಶದಲ್ಲಿ ಒಂದು ಮೋಡವಿಲ್ಲ, ಬಿಸಿಲು ಖಡಕ್, ಆದರೆ ಅಂಗಳದ ಕುರ್ಚಿ ಹಾರಿ ಹೋಗುತ್ತಿವೆ. ನಮಗೆ ಅಷ್ಟು ಗಾಳಿ ಅಂದರೆ ಜೊತೆಗೆ ಮಳೆ ಬರಬೇಕು. ರೂಮು ಕೊಟ್ಟಿದ್ದ ಅಜ್ಜಿ 'ಮೆಲ್ತೆಮಿ' ಅಂತ ಒಂದೇ ಮಾತು ಹೇಳಿ ಕೈಯಾಡಿಸಿದಳು. ಬೆಳಗ್ಗೆ ಬಂದರಿಗೆ ಹೋದರೆ ಹಡಗು ಇಲ್ಲ. ಗಾಳಿ ಮಿತಿ ಮೀರಿದರೆ ಅಲ್ಲಿ ಹಡಗು ಬಿಡುವುದನ್ನು ಸರಕಾರವೇ ನಿಲ್ಲಿಸುತ್ತದೆ, ಅದರಲ್ಲೂ ವೇಗದ ಸಣ್ಣ ಹಡಗುಗಳು ಮೊದಲು ನಿಲ್ಲುತ್ತವೆ. ನಮ್ಮದು ಅದೇ. ಹಡಗಿನವರು ಮರುದಿನದ ಟಿಕೆಟ್ ಮಾಡಿಕೊಟ್ಟರು, ಒಂದು ಮಾತು ಆಡಲಿಲ್ಲ. ವಿಮಾನದವರು ಹಾಗೆ ಮಾಡುವುದಿಲ್ಲವಲ್ಲ. ಏಜೆಂಟರಿಗೆ ಫೋನ್ ಮಾಡಿದರೆ "ಸರ್, ನೇಚರ್ ಸರ್, ನಾವೇನ್ ಮಾಡೋಣ" ಅಂದರು. ಹೊಸ ಟಿಕೆಟ್‌ಗೆ ಕೊಟ್ಟ ದುಡ್ಡನ್ನು ಇಲ್ಲಿ ಬರೆಯುವುದಿಲ್ಲ. ಮಗಳು ಈ ಪತ್ರಿಕೆ ಓದುತ್ತಾಳೆ.

ನೇಚರ್ ಅನ್ನೋದೇನೋ ನಿಜ. ಆದರೆ ಇದು ಯಾವಾಗಲೋ ಒಮ್ಮೆ ಬರುವ ಆಪತ್ತಲ್ಲ. ಈ ದ್ವೀಪಗಳಿರುವ ಏಜಿಯನ್ ಸಮುದ್ರದಲ್ಲಿ ಜುಲೈ, ಆಗಸ್ಟ್‌ನಲ್ಲಿ ಪ್ರತಿ ವರ್ಷ ಉತ್ತರದಿಂದ ಬೀಸುವ ಗಾಳಿಯೇ ಈ ಮೆಲ್ತೆಮಿ. ಉತ್ತರದ ಬಾಲ್ಕನ್ ದೇಶಗಳ ಕಡೆ ಗಾಳಿಯ ಒತ್ತಡ ಜಾಸ್ತಿ, ಟರ್ಕಿ ಕಡೆ ಕಡಿಮೆ, ಅದಕ್ಕೇ ಬೀಸುತ್ತದೆ. ಆಮೇಲೆ ಓದಿ ತಿಳಿದದ್ದು, ಟರ್ಕಿ ಕಡೆಯ ಆ ಕಡಿಮೆ ಒತ್ತಡ ನಮ್ಮ ಮುಂಗಾರು ಮಳೆ ಎಳೆದು ತರುವ ಒತ್ತಡದ ಪಟ್ಟಿಯದೇ ಪಶ್ಚಿಮದ ಬಾಲವಂತೆ. ಅಂದರೆ ಧಾರವಾಡದಲ್ಲಿ ಶ್ರಾವಣದ ಜಿಟಿಜಿಟಿ ಮಳೆಗೂ, ಅಲ್ಲಿ ನಮ್ಮ ಹಡಗು ನಿಂತದ್ದಕ್ಕೂ ಬೇರು ಒಂದೇ! ಹೆಂಡತಿ ಭೂಗೋಳ ಪಾಠ ಮಾಡಿದವಳು, ಇದನ್ನು ಕೇಳಿ ದುಡ್ಡು ಹೋದ ಸಿಟ್ಟು ಅರ್ಧ ಇಳಿಸಿಕೊಂಡಳು. ನನ್ನದು ಇಳಿದಿಲ್ಲ.

ಹಾಗಾಗಿ ಹೋಗುವವರು ಹಿಂದಿನಿಂದ ಮುಂದಕ್ಕೆ ಲೆಕ್ಕ ಹಾಕಿ. ವಾಪಸ್ ವಿಮಾನದ ಹಿಂದಿನ ರಾತ್ರಿ ಅಥೆನ್ಸ್‌ನಲ್ಲೇ ಇರಿ, ಗಾಳಿಯ ತಿಂಗಳಾದರೆ ಎರಡು ರಾತ್ರಿ. ಆಮೇಲೆ ಹಡಗು ವಾರದಲ್ಲಿ ಯಾವ ಯಾವ ದಿನ ಇದೆ ನೋಡಿ, ಏಕೆಂದರೆ ಸಣ್ಣ ದ್ವೀಪಕ್ಕೆ ದಿನಾ ಇರುತ್ತದೆ ಅನ್ನುವ ಖಾತ್ರಿ ಇಲ್ಲ. ಅದಾದ ಮೇಲೆ ರೂಮು. ವಿಮಾನದ ಟಿಕೆಟ್ ಕೊನೆಗೆ. ನಾವೆಲ್ಲ ಮಾಡುವುದು ಸರಿಯಾಗಿ ಇದರ ಉಲ್ಟಾ. ಇನ್ನು ಅಥೆನ್ಸ್ ವಿಮಾನ ನಿಲ್ದಾಣದಿಂದ ಪಿರೇಯಸ್ ಬಂದರಿಗೆ 2022ರಿಂದ ನೇರ ಮೆಟ್ರೊ ಇದೆ, ಟ್ಯಾಕ್ಸಿ ಬೇಕಿಲ್ಲ. ಬಂದರು ಮಾತ್ರ ಬಹಳ ದೊಡ್ಡದು, ನಿಮ್ಮ ಹಡಗಿನ ಗೇಟ್ ನಂಬರ್ ಮೊದಲೇ ಬರೆದಿಟ್ಟುಕೊಳ್ಳಿ.

ಯಾವಾಗ ಹೋಗಬೇಕು ಅಂದರೆ ಜೂನ್, ಇಲ್ಲ ಸಪ್ಟೆಂಬರ್. ಸಪ್ಟೆಂಬರ್‌ನಲ್ಲಿ ಸಮುದ್ರದ ನೀರು ಬೆಚ್ಚಗಿರುತ್ತದೆ. ಅಕ್ಟೋಬರ್ ಮುಗಿಯುವಷ್ಟರಲ್ಲಿ ಖಾನಾವಳಿ, ರೂಮು ಎಲ್ಲ ಒಂದೊಂದೇ ಬಾಗಿಲು ಹಾಕುತ್ತವೆ. ಆಗಸ್ಟ್ 15 ಅವರಿಗೆ ಮೇರಿ ಮಾತೆಯ ದೊಡ್ಡ ಹಬ್ಬ, ಆ ವಾರ ಎಷ್ಟೇ ಸಣ್ಣ ದ್ವೀಪವಾದರೂ ತುಂಬಿ ತುಳುಕುತ್ತದೆ.

ವೀಸಾಕ್ಕೆ ಆರು ತಿಂಗಳ ಮೊದಲೇ ಅರ್ಜಿ ಹಾಕಬಹುದು. 2024ರ ಜೂನ್‌ನಿಂದ ಶುಲ್ಕ 90 ಯೂರೊ, ಅರ್ಜಿ ತೆಗೆದುಕೊಳ್ಳುವ ವೀಸಾ ಕೇಂದ್ರದವರ ಸೇವಾ ಶುಲ್ಕ ಬೇರೆ. 30,000 ಯೂರೊ ಮೊತ್ತದ ಪ್ರವಾಸ ವಿಮೆ ಕಡ್ಡಾಯ.

ಊಟದ ಚಿಂತೆ ನಮ್ಮ ಕಡೆಯವರಿಗೆ ಜಾಸ್ತಿ, ಗೊತ್ತು. ಸುಮ್ನೆ ಹೆದರಬೇಡಿ. ಫಾವಾ ಅಂತ ಒಂದು ಸಿಗುತ್ತದೆ, ಹಳದಿ ಬೇಳೆ ಬೇಯಿಸಿ ಅರೆದು, ಮೇಲೆ ಉಳ್ಳಾಗಡ್ಡಿ, ನಿಂಬೆರಸ, ಆಲಿವ್ ಎಣ್ಣೆ. ಗಟ್ಟಿ ತೊವ್ವೆ ಅಂದುಕೊಳ್ಳಿ. ಖೋರ್ತಾ ಅಂದರೆ ಬೇಯಿಸಿದ ಸೊಪ್ಪು. ಅವರ ಉಪವಾಸದ ಅಡುಗೆಗೆ 'ನಿಸ್ಟಿಸಿಮೊ' ಅನ್ನುತ್ತಾರೆ, ಅದರಲ್ಲಿ ಮಾಂಸ, ಮೊಟ್ಟೆ, ಹಾಲು ಇರುವುದಿಲ್ಲ. ಆದರೆ ಸಿಗಡಿ ನಡೆಯುತ್ತದೆ, ಕೇಳಿ ತಿನ್ನಿ! ಖಡಕ್ ರೊಟ್ಟಿ, ಶೇಂಗಾ ಚಟ್ನಿ ಒಯ್ದಿದ್ದೆವು. ಧಾರವಾಡ ಪೇಡಾ ಮಾತ್ರ ಒಯ್ಯಬೇಡಿ. ಹೊರಗಿನಿಂದ ಬರುವವರು ಹಾಲಿನ ಪದಾರ್ಥ ತರುವುದನ್ನು ಯುರೋಪಿಯನ್ ಯೂನಿಯನ್ ನಿಷೇಧಿಸಿದೆ. ಇದು ನಮಗೆ ಹೊರಡುವ ಹಿಂದಿನ ದಿನ ಗೊತ್ತಾಗಿ ಎರಡು ಕಿಲೋ ಪೇಡಾ ಓಣಿಯಲ್ಲಿ ಹಂಚಿದೆವು. ಹೋಗುವ ಮೊದಲೇ ಎಲ್ಲರೂ 'ಪ್ರವಾಸ ಚೊಲೊ ಆತೇನ್ರಿ' ಅಂತ ಕೇಳಿದ್ದೇ ಕೇಳಿದ್ದು.

ಇಷ್ಟಾದರೂ ಮತ್ತೆ ಹೋಗುವ ಆಸೆ ಇದೆ. ನನಗೆ ದೊನೂಸಾ ದ್ವೀಪ. ನಾಕ್ಸೋಸ್, ಅಮೋರ್ಗೋಸ್ ನಡುವೆ ಸ್ಕೊಪೆಲಿಟಿಸ್ ಅನ್ನುವ ಪುಟ್ಟ ಹಡಗು ನಮ್ಮ ಹಳ್ಳಿ ಬಸ್ಸಿನಂತೆ ಸಣ್ಣ ದ್ವೀಪಗಳನ್ನು ಮುಟ್ಟುತ್ತ ಓಡುತ್ತದಂತೆ, ಅದರಲ್ಲಿ ಕೂರಬೇಕು. ಹೆಂಡತಿಗೆ ತೀಲೋಸ್, ಅಲ್ಲಿನ ಗುಹೆಯಲ್ಲಿ ಕುಳ್ಳ ಆನೆಗಳ ಎಲುಬು ಸಿಕ್ಕಿವೆ ಅಂತ. ನಿಮ್ಮ ಓದುಗರಲ್ಲಿ ಈ ಎರಡರಲ್ಲಿ ಯಾವುದಕ್ಕಾದರೂ ಹೋಗಿ ಬಂದವರು ಇದ್ದರೆ ಇದೇ ಅಂಕಣಕ್ಕೆ ನಾಲ್ಕು ಸಾಲು ಬರೆಯಲಿ. ಪತ್ರ ಉದ್ದವಾಗಿದೆ, ಕತ್ತರಿ ಹಾಕುವುದಾದರೆ ಪೇಡಾದ ಮಾತು ತೆಗೆಯಿರಿ, ಹಡಗಿನದು ಇರಲಿ.

ನಿವೃತ್ತ ಶಿಕ್ಷಕ, ಸಾಧನಕೇರಿ, ಧಾರವಾಡ