‘ನಿಜವಾದ ಫ್ಯಾನ್’ ಅಂದರೆ ಯಾರು ಪುಟ್ಟಿ?

ಚಿ. ಪುಟ್ಟಿಗೆ ಮಾವನ ಆಶೀರ್ವಾದಗಳು.

ನಿನ್ನ ಪತ್ರ ಸೋಮವಾರ ಬಂತು. ಪರೀಕ್ಷೆ, ಹಾಸ್ಟೆಲ್ಲಿನ ಊಟ ಎಲ್ಲಾ ಓದಿದೆ. ಕೊನೆಯಲ್ಲಿ ಸಣ್ಣ ಅಕ್ಷರದಲ್ಲಿ, ಅಬ್ಬರದ ಮೆಟಲ್ ಸಂಗೀತ ನುಡಿಸುವ ನಮ್ಮ ಬೆಂಗಳೂರಿನ ಬ್ಯಾಂಡ್ ಕ್ರಿಪ್ಟೋಸ್ ಬಗ್ಗೆ ಒಂದು ಸಾಲು ಬರೆದಿದ್ದೀಯಲ್ಲ, ‘ನಾನು ನಿಜವಾದ ಫ್ಯಾನ್ ಅಲ್ಲವೇನೋ ಮಾವ, ಕ್ರಿಪ್ಟೋಸ್ ಟೀಶರ್ಟ್ ಮಡಿಸಿ ಟ್ರಂಕಿನ ತಳಕ್ಕೆ ಹಾಕಿದೆ’ ಅಂತ. ಅದನ್ನು ಓದಿದ ಮೇಲೆ ಎರಡು ರಾತ್ರಿ ಸರಿಯಾಗಿ ನಿದ್ದೆ ಬಂದಿಲ್ಲ.

ಶೋ ಮುಗಿದ ಮೇಲೆ ಆ ಹುಡುಗರು ನಿನ್ನನ್ನು ನಿಲ್ಲಿಸಿ ಕ್ರಿಪ್ಟೋಸ್‌ನ ಮೊದಲ ಆಲ್ಬಮ್ ಹೆಸರು ಕೇಳಿದರು, ನಿನಗೆ ಹೊಳೆಯಲಿಲ್ಲ, ‘ಪೋಸರ್’, ಅಂದರೆ ಬರೀ ತೋರಿಕೆಯ ಫ್ಯಾನ್, ಅಂದು ನಕ್ಕರು. ಅದು 2004ರ ‘ಸ್ಪೈರಲ್ ಅಸೆಂಟ್’. ಆಗ ನೀನಿನ್ನೂ ಹುಟ್ಟಿರಲಿಲ್ಲ. ನಿನಗೆ ಆ ಬ್ಯಾಂಡ್ ಸಿಕ್ಕಿದ್ದು 2024ರ ‘ಡೆಸಿಮೇಟರ್’ನಿಂದ. ಅದರಲ್ಲಿ ತಪ್ಪೇನಿದೆ? ನನ್ನನ್ನು ಕೇಳಿದರೆ ಆ ಮೊದಲ ಆಲ್ಬಮ್‌ಗಿಂತ 2016ರ ‘ಬರ್ನ್ ಅಪ್ ದ ನೈಟ್’ ಚೆನ್ನಾಗಿದೆ. ಎರಡು ಗಿಟಾರು ಜೋಡಿಯಾಗಿ ಹಾಡುತ್ತವೆ, ಮೇಲೆ ಆ ಒರಟು ಗಂಟಲು. ಹಳೆಯದೆಲ್ಲಾ ಒಳ್ಳೆಯದು ಅನ್ನುವವರ ಮಾತು ನಾನು ಒಪ್ಪಲ್ಲ. ಆದರೆ ನೀನು ಆ ಹುಡುಗರ ಮಾತು ನಂಬಿಬಿಟ್ಟೆ. ಅದೇ ನನಗೆ ಭಯ.

ಇದನ್ನೆಲ್ಲಾ ಹೇಳೋಕೆ ನನಗೆ ಯೋಗ್ಯತೆ ಇದೆಯಾ ಅನ್ನೋದೇ ಅನುಮಾನ. ನಾನೂ ಹಾಗೇ ನಕ್ಕವನು. ನಿನ್ನ ಅಮ್ಮನಿಗೂ ಇದನ್ನು ಹೇಳಿಲ್ಲ.

ತೊಂಬತ್ತರ ದಶಕ. ಬೆಂಗಳೂರಿನ ಒಂದು ಕಾಲೇಜು ಫೆಸ್ಟ್. ಯಾರದೋ ಅಣ್ಣ ಹೊರದೇಶದಿಂದ ತಂದ ಒಂದೇ ಕ್ಯಾಸೆಟ್ಟನ್ನು ಹತ್ತು ಜನ ಡಬ್ ಮಾಡಿಕೊಳ್ಳುತ್ತಿದ್ದ ಕಾಲ ಅದು. ಹತ್ತನೆಯವನ ಕೈಗೆ ಬರುವಾಗ ಹಾಡಿಗಿಂತ ಸುಯ್ ಅನ್ನೋ ಸದ್ದೇ ಜಾಸ್ತಿ. ಅಷ್ಟು ಕಷ್ಟಪಟ್ಟಿದ್ದಕ್ಕೋ ಏನೋ, ಬೇರೆಯವರಿಗೆ ಸುಲಭವಾಗಿ ಸಿಗಬಾರದು ಅನ್ನೋ ಜಿಪುಣತನ ನಮಗೆ ಬಂದಿತ್ತು.

ಅವತ್ತು ಒಬ್ಬ ಹುಡುಗ ಬಂದ. ಪಿಯುಸಿ ಇರಬೇಕು. ಸ್ಕೂಲಿನ ಬಿಳಿ ಪಿ.ಟಿ. ಅಂಗಿಯ ಬೆನ್ನ ಮೇಲೆ ಕೆಂಪು ಫ್ಯಾಬ್ರಿಕ್ ಪೇಂಟಿನಲ್ಲಿ ಅಮೆರಿಕದ ಮೆಟಲ್ ಬ್ಯಾಂಡ್ ಮೆಗಾಡೆತ್‌ನ ಹೆಸರು ತಾನೇ ಬರೆದುಕೊಂಡಿದ್ದ. ಆ ಬ್ಯಾಂಡಿನವರು ತಮ್ಮ ಹೆಸರಿನ ‘ಡೆತ್’ನಲ್ಲಿ ಇಂಗ್ಲಿಷಿನ ‘ಎ’ ಬಿಟ್ಟು ಬರೆಯುತ್ತಾರೆ. ಇವನು ಡಿಕ್ಷನರಿಯಲ್ಲಿ ಇದ್ದ ಹಾಗೆ ‘ಎ’ ಸೇರಿಸಿದ್ದ. ನಾನು ಒಂದೊಂದೇ ಅಕ್ಷರ ಬಿಡಿಸಿ ಜೋರಾಗಿ ಓದಿದೆ. ಎಲ್ಲರೂ ನಕ್ಕರು. ಅವನು ಅಕ್ಷರ ಕಾಣದ ಹಾಗೆ ಗೋಡೆಗೆ ಒರಗಿ ನಿಂತ. ಎರಡನೇ ಬ್ಯಾಂಡ್ ಸ್ಟೇಜ್ ಹತ್ತುವ ಮೊದಲೇ ಹೊರಟುಹೋದ. ಪೇಂಟ್ ಪೂರ್ತಿ ಒಣಗಿರಲಿಲ್ಲ. ಗೋಡೆಯ ಮೇಲೆ ಕೆಂಪು ಕಲೆ ಉಳಿದಿತ್ತು. ಆಮೇಲೆ ಯಾವ ಶೋನಲ್ಲೂ ಅವನನ್ನು ನೋಡಲಿಲ್ಲ.

2008ರಲ್ಲಿ ಮೆಗಾಡೆತ್ ಬೆಂಗಳೂರಿಗೇ ಬಂತು, ಅರಮನೆ ಮೈದಾನಕ್ಕೆ. ನಾನು ಸ್ಟೇಜಿಗಿಂತ ಸುತ್ತಲಿನ ಮುಖಗಳನ್ನೇ ಜಾಸ್ತಿ ನೋಡುತ್ತಿದ್ದೆ.

ಅದಕ್ಕೇ ನಿನ್ನ ಟ್ರಂಕಿನ ಮಾತು ಓದಿ ಎದೆ ಧಸಕ್ಕೆಂದಿತು. ದೊಡ್ಡ ಬ್ಯಾಂಡಿಗೆ ಒಬ್ಬರು ಕಮ್ಮಿಯಾದರೆ ಗೊತ್ತಾಗಲ್ಲ. ನಮ್ಮೂರಿನ ಬ್ಯಾಂಡಿಗೆ ಗೊತ್ತಾಗುತ್ತೆ. ಕ್ರಿಪ್ಟೋಸ್ ಶುರುವಾಗಿದ್ದು 1998ರಲ್ಲಿ, ಜರ್ಮನಿಯ ವಾಕೆನ್ ಮೆಟಲ್ ಜಾತ್ರೆಯಲ್ಲಿ ನುಡಿಸಿದ್ದು 2013ರಲ್ಲಿ. ನಡುವಿನ ಹದಿನೈದು ವರ್ಷ ಅವರನ್ನು ಉಳಿಸಿದ್ದು ಅರ್ಧ ಖಾಲಿ ಹಾಲ್‌ಗಳಲ್ಲಿ ಮುಂದೆ ಬಂದು ನಿಂತವರು. ಅವರಲ್ಲಿ ಎಷ್ಟು ಜನಕ್ಕೆ ಎಲ್ಲಾ ಹಾಡಿನ ಹೆಸರು ಬರುತ್ತಿತ್ತು?

ಬೇವರ್ ಸೀ ಅನ್ನೋ ಬೆಂಗಳೂರಿನ ಬ್ಯಾಂಡ್ ಕೇಳಿದ್ದೀಯಾ? ಅವರ 2012ರ ಮೊದಲ ಆಲ್ಬಮ್ ರಾತ್ರಿ ಹೆಡ್‌ಫೋನ್ ಹಾಕಿ ಕೇಳು. ಎಮ್ಮೆ ನಡೆದ ಹಾಗೆ ನಿಧಾನ, ಭಾರ. ಆ ಹೆಸರಿನಲ್ಲಿರುವ ಬೈಗುಳ ಕನ್ನಡದ ಕಿವಿಗೆ ತಾನಾಗಿ ಕೇಳಿಸುತ್ತೆ. ಅದಕ್ಕೆ ಯಾರ ಪರೀಕ್ಷೆಯೂ ಬೇಕಿಲ್ಲ ಅಲ್ವಾ?

ಬುದ್ಧಿ ಹೇಳೋಕೆ ನನಗೆ ಸಂಕೋಚ. ಮತ್ತೆ ಯಾರಾದರೂ ಕೇಳಿದರೆ ‘ಗೊತ್ತಿಲ್ಲ, ನೀವೇ ಹೇಳಿ’ ಅಂದುಬಿಡು. ಆ ಗಳಿಗೆಯಲ್ಲಿ ಬಾಯಿಗೆ ಮಾತು ಬರೋದು ಕಷ್ಟ, ಗೊತ್ತು. ಜೊತೆಗೆ ಗೆಳತಿಯನ್ನು ಕರೆದುಕೊಂಡು ಹೋಗು. ಇಯರ್‌ಪ್ಲಗ್ ಮರೆಯಬೇಡ. ನನ್ನ ಎಡಗಿವಿಯಲ್ಲಿ ಈಗ ಹಗಲೂ ರಾತ್ರಿ ಗುಂಯ್ ಅನ್ನುತ್ತೆ.

ಮುಂದಿನ ಶೋ ಯಾವಾಗ ಅಂತ ತಿಳಿಸು. ನೀನು ಬೇಡ ಅನ್ನದಿದ್ದರೆ ನಾನೂ ಬಸ್ಸು ಹತ್ತಿ ಬರುತ್ತೇನೆ, ಸುಮ್ನೆ ಹಿಂದೆ ನಿಂತಿರುತ್ತೇನೆ. ಆ ಟೀಶರ್ಟನ್ನು ಟ್ರಂಕಿನಿಂದ ತೆಗೆ. ಒಗೆಯುವಾಗ ಒಳಮೈ ಹೊರಗೆ ತಿರುಗಿಸಿ ಒಗೆ, ಪ್ರಿಂಟ್ ಬೇಗ ಹೋಗಲ್ಲ.

ಇಂತಿ,
ನಿನ್ನ ಮಾವ