ಕೇಳಿರದ ದನಿಗಳ ವಾರ

ಗೆಳೆಯರೇ, ಈ ವಾರ ನಾವು ಅಷ್ಟಾಗಿ ಕೇಳಿರದ ಗಾಯಕರನ್ನೇ ಹಂಚಿಕೊಳ್ಳೋಣ.

ನನ್ನ ಆಯ್ಕೆ ತುವಾ. ರಷ್ಯಾದ ಈ ಗಣರಾಜ್ಯ ಮಂಗೋಲಿಯಾದ ಗಡಿಯಲ್ಲಿದೆ. ಅಲ್ಲಿನ ಖೂಮೇಯ್ ಗಾಯನದಲ್ಲಿ ಒಬ್ಬರ ಗಂಟಲಿಂದಲೇ ಒಟ್ಟಿಗೆ ಎರಡು ಸ್ವರ ಕೇಳುತ್ತವೆ. ಕೆಳಗೆ ತಂಬೂರಿಯಂತೆ ನಿಲ್ಲದ ನಾದ, ಮೇಲೆ ಸಿಳ್ಳೆಯಂಥ ರಾಗ. ನಾಲಿಗೆ, ತುಟಿಗಳ ಆಕಾರ ಬದಲಿಸುತ್ತಾ, ನಾದದೊಳಗೇ ಅಡಗಿರುವ ಮೇಲಿನ ಸ್ವರಗಳನ್ನು ಎತ್ತಿ ಕೇಳಿಸುತ್ತಾರೆ. ಹೂನ್-ಹೂರ್-ತು ತಂಡದಿಂದ ಶುರು ಮಾಡಿ. ದಯವಿಟ್ಟು ಇಯರ್‌ಫೋನ್ ಹಾಕಿಕೊಳ್ಳಿ, ಫೋನಿನ ಸ್ಪೀಕರಿನಲ್ಲಿ ಕೆಳಗಿನ ನಾದ ಕಳೆದೇಹೋಗುತ್ತದೆ.

ಕೆನಡಾದ ಉತ್ತರದ ಮೂಲನಿವಾಸಿಗಳಾದ ಇನ್ಯೂಟ್ ಹೆಂಗಸರ ಗಂಟಲ ಹಾಡು ಬೇರೆಯೇ ಬಗೆ. ಇಬ್ಬರು ಎದುರುಬದುರು ನಿಂತು ಉಸಿರಲ್ಲೇ ಲಯ ಕಟ್ಟುತ್ತಾರೆ. ಮೊದಲು ನಕ್ಕವರು ಸೋತರು! ತಾನ್ಯಾ ಟಗಾಕ್ ಇದನ್ನು ಒಬ್ಬರೇ ಹಾಡುತ್ತಾರೆ. 2014ರಲ್ಲಿ ಅವರಿಗೆ ಕೆನಡಾದ ಪೋಲಾರಿಸ್ ಸಂಗೀತ ಪ್ರಶಸ್ತಿ ಬಂತು. ಮೊದಲ ಸಲ ಕೇಳಿದಾಗ ನನಗೆ ಮೈ ಜುಮ್ಮೆಂದಿತ್ತು.

ಮನಸ್ಸು ಭಾರವಾಗಿದ್ದರೆ ಪಶ್ಚಿಮ ಆಫ್ರಿಕಾದ ದ್ವೀಪದೇಶ ಕೇಪ್ ವರ್ಡೆಯ ಸೆಸಾರಿಯಾ ಎವೋರಾ ಕೇಳಿ. ವೇದಿಕೆಯಲ್ಲೂ ಬರಿಗಾಲಲ್ಲೇ ಹಾಡುತ್ತಿದ್ದವರು. ಭಾಷೆ ತಿಳಿಯದಿದ್ದರೂ ಆ ದನಿ ಮುಟ್ಟುತ್ತದೆ, ಅಲ್ವಾ?

ಒಬ್ಬರು ಒಂದೇ ಹಾಡು ಹಾಕಿ. ಸುಮ್ನೆ ಲಿಂಕ್ ಮಾತ್ರ ಬೇಡ. ಗಾಯಕರ ಹೆಸರು, ದೇಶ, ನಿಮಗೆ ಯಾಕೆ ಹಿಡಿಸಿತು ಅಂತ ಒಂದೆರಡು ಸಾಲು ಬರೆಯಿರಿ. ಭಾನುವಾರದವರೆಗೆ ಸಮಯವಿದೆ.